ಹೀಟರು ಮಾಡಿದ ಸದ್ದು, ನಾನು ಹೇಳಿದ ಸದ್ದು

ನವೆಂಬರ್ 4, ಮಂಗಳವಾರ

ಈ ಸದ್ದು ಇವತ್ತಿನವರೆಗೆ ಏನೇನು ತಿಂದು ಹಾಕಿದೆ ಅಂತ ಕೂಡಿಸ್ತಾ ಕೂತೆ. ದುಡ್ಡಿನದು ಬೇಡ, ಅದಕ್ಕೆ ಬೇರೆ ಪುಸ್ತಕ ಇದೆ, ತೆರೆದರೆ ಹೊಟ್ಟೆ ಉರಿಯುತ್ತೆ. ಉಳಿದದ್ದು: ನನ್ನ ಮಧ್ಯಾಹ್ನದ ನಿದ್ದೆ. ಮೇಲ್ಮನೆಯವರ ಜೊತೆಗಿದ್ದ ನಗು. ಕಟ್ಟಡದ ಮಾಲೀಕರ ಮುಂದೆ ನನಗಿದ್ದ ಬೆಲೆ, ಸುಮಾರು ಅರ್ಧ. ಚೆನ್ನಾಗಿ ತಿರುಗುತ್ತಿದ್ದ ಒಂದು ಫ್ಯಾನು. ನಮ್ಮವರು ಮೊದಲೇ ಮಾತಿನಲ್ಲಿ ಜಿಪುಣ, ಈಗ ಇದ್ದ ನಾಲ್ಕು ಮಾತಿಗೂ ಬೀಗ. ಸದ್ದು ಮಾತ್ರ ಹಾಗೇ ಇದೆ. ಅದಕ್ಕೇನೂ ನಷ್ಟ ಆಗಿಲ್ಲ.

ಬೆಳಿಗ್ಗೆ ಎಂದಿನಂತೆ. ಪೂಲಿನ ಶಟರ್ ಎತ್ತಿದೆ, ದೀಪ ಹಾಕಿದೆ, ಟವೆಲ್ ಜೋಡಿಸಿದೆ. ನಮ್ಮವರು ಹಿಂದಿನ ಕೋಣೆಗೆ ಹೋಗಿ ಪಂಪು ಹಾಕಿದರು, ಆಮೇಲೆ ಹೀಟರು. ಪೈಪ್ ಗ್ಯಾಸು ಸದ್ದಿಲ್ಲದೆ ಹತ್ತಿಕೊಂಡಿತು. ಕೌಂಟರಿನಲ್ಲಿ ಕೂತು ಉಸಿರು ಬಿಟ್ಟೆ. ಬಿಟ್ಟ ಉಸಿರು ಮುಗಿದಿರಲಿಲ್ಲ — ಶುರು. ಗೋಡೆಯೊಳಗೆ ಯಾರೋ ಭಾರೀ ಆಸಾಮಿ ಮಲಗಿ ಗೊರಕೆ ಹೊಡೆದ ಹಾಗೆ. ಅದರ ಹಿಂದೆಯೇ ಮೇಲಿನಿಂದ ಟಕ್ ಟಕ್ ಟಕ್. ರೇಡಿಯೋ ಸಾರ್ ಊರುಗೋಲು.

ರೇಡಿಯೋ ಸಾರ್ ಅಂದ್ರೆ ಮೇಲ್ಮನೆಯವರು. ವಾರ್ತೆ ಓದೋ ಕೆಲಸದಲ್ಲಿದ್ದವರು. ನಿವೃತ್ತರಾಗಿ ಎಷ್ಟೋ ಕಾಲ ಆಯ್ತು, ಈಗಲೂ ತರಕಾರಿ ಕೇಳಿದರೂ ವಾರ್ತೆ ಓದಿದ ಹಾಗೇ. ಮಾಲೀಕರಿಗೆ ದೂರು ಕೊಟ್ಟದ್ದು ಅವರೇ. ಮಾಲೀಕರು ಫೋನಿನಲ್ಲಿ ಸುತ್ತಿ ಬಳಸಲಿಲ್ಲ — "ಈ ತಿಂಗಳು ಮುಗಿಯೋದ್ರೊಳಗೆ ಸದ್ದು ನಿಲ್ಲಬೇಕಮ್ಮ. ಇಲ್ಲಾಂದ್ರೆ ಹೀಟರ್ ಬಿಚ್ಚಿಸ್ತೀನಿ. ಪೂಲು ತಣ್ಣೀರಲ್ಲೇ ನಡೆಸ್ಕೊಳ್ಳಿ."

ತಣ್ಣೀರು ಅಂದ್ರೆ ಮಂಡಿ ಬ್ಯಾಚು ಇಲ್ಲ. ಹೆಸರಿಟ್ಟದ್ದು ನಾನೇ. ಬೆಳಗಿನ ಹೊತ್ತು ಬರೋ ಹೆಂಗಸರು — ಮಂಡಿ, ಸೊಂಟ, ಭುಜ, ಒಬ್ಬೊಬ್ಬರಿಗೆ ಒಂದೊಂದು ಕಡೆ ತುಕ್ಕು. ಗೋಡೆಗೆ ಹಾಕಿರೋ ಕಂಬಿ ಹಿಡಿದು ಎದೆಮಟ್ಟ ನೀರಲ್ಲಿ ಅತ್ತಿಂದಿತ್ತ ನಡೀತಾರೆ. ಅವರಲ್ಲಿ ಹಿರಿಯರು ನಮ್ಮ ಅತ್ತೆ. ಸೊಂಟ ಮುರಿದು ರಾಡು ಹಾಕಿಸಿಕೊಂಡವರು. ನೆಲದ ಮೇಲೆ ಗೋಡೆ ಸವರಿಕೊಂಡು ನಡಿಗೆ, ಬೆಚ್ಚನೆ ನೀರಲ್ಲಿ ಮಾತ್ರ ಮಹಾರಾಣಿ. ಡಾಕ್ಟರು ಹೇಳಿದ್ದಾರೆ: ನೀರಲ್ಲಿ ನಡೆಸ್ತಾ ಇದ್ರೆ ಕಾಲು ಉಳಿಯುತ್ತೆ, ಬಿಟ್ರೆ ವಾಕರು, ಆಮೇಲೆ ಗಾಲಿ ಕುರ್ಚಿ. ಹೋದ ವರ್ಷ ಹೀಟರು ಕೆಟ್ಟಾಗ ನೋಡಿದ್ದೀವಲ್ಲ, ತಣ್ಣೀರಿಗೆ ಆ ಕಾಲು ಮರದ ಹಾಗೆ ಬಿಗಿದುಕೊಂಡಿತ್ತು.

ಮಾಲೀಕರಿಗೆ ಇದು ಸದ್ದು. ನಮ್ಮನೆಗೆ ಇದು ಅತ್ತೆ ಕಾಲು.


ನವೆಂಬರ್ 5, ಬುಧವಾರ

ಫ್ಯಾನು ಬದಲಾದ ಕಥೆ ಬರೆದಿಡಬೇಕು. ಇಲ್ಲದಿದ್ರೆ ಸ್ವಲ್ಪ ದಿನ ಹೋದ ಮೇಲೆ ನಾನೇ ಬೇರೆ ಥರ ಹೇಳೋಕೆ ಶುರು ಮಾಡ್ತೀನಿ, ಆಮೇಲೆ ನಾನೇ ನಂಬ್ತೀನಿ.

ಹೋದ ತಿಂಗಳು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಇವನಿಗೆ ನಾವಿಟ್ಟ ಹೆಸರು ಗ್ಯಾರಂಟಿ. ಯಾವ ಮಾತಿಗೂ ಬಾಲ ಅದೇ.

"ಎಂಥಾ ಸದ್ದು ಅಕ್ಕಾ?"

"ಗರ್ರ್ ಅಂತಿದೆ ಕಣಯ್ಯಾ."

"ಸರಿಯಾಗಿ ಮಾಡಿ ತೋರಿಸಿ."

"ಗರ್ರ್ರ್ರ್ರ್."

ಚೆನ್ನಾಗಿ ಮಾಡಿದೆ. ಕೌಂಟರಿನಲ್ಲಿ ಟೋಕನ್ ಹಿಡಿದು ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

"ಬೇರಿಂಗು ಅಕ್ಕಾ. ಹೀಟರಿನೊಳಗಿನ ಫ್ಯಾನಿನ ಬೇರಿಂಗು ಹೋಗಿದೆ. ಫ್ಯಾನೇ ಹಾಕಿಬಿಡೋಣ. ಗ್ಯಾರಂಟಿ."

ಪಕ್ಕದಲ್ಲಿ ನಮ್ಮವರು ನಿಂತಿದ್ದರು. "ಗರ್ರ್ ಅಲ್ಲ ಅನ್ಸುತ್ತೆ..." ಅಂದರು.

"ಮತ್ತಿನ್ನೇನು?"

ಯೋಚನೆ ಮಾಡಿದರು. ಅವರು ಯೋಚನೆ ಮುಗಿಸೋ ಹೊತ್ತಿಗೆ ಫೋನು ಇಟ್ಟಾಗಿತ್ತು, ಫ್ಯಾನು ಅಂಗಡಿಯಿಂದ ಹೊರಟಾಗಿತ್ತು.

ಹೊಸ ಫ್ಯಾನು ಬಂತು. ಬೆಣ್ಣೆ ಹಾಗೆ ತಿರುಗುತ್ತೆ. ಹಳೇದನ್ನ ಕೈಯಲ್ಲಿ ತಿರುಗಿಸಿ ನೋಡಿದೆ, ಅದೂ ಬೆಣ್ಣೆ. ಹೀಟರು ಮಾತ್ರ ಹಳೇ ರಾಗ. ಹಾಗಂತ ಫೋನ್ ಮಾಡಿದರೆ ಗ್ಯಾರಂಟಿ ನಕ್ಕ — "ಫ್ಯಾನಿಗೆ ಗ್ಯಾರಂಟಿ ಕೊಟ್ಟಿದ್ದೆ ಅಕ್ಕಾ, ಸದ್ದಿಗೆ ಕೊಟ್ಟಿರ್ಲಿಲ್ಲ."

ನಾನು ಬಾಯಿಂದ ಬದುಕು ಕಟ್ಟಿಕೊಂಡವಳು. ಇದೇ ಪೂಲಿನ ಕಿಟಕಿಯಲ್ಲಿ ಕೂತು ಟೋಕನ್ ಕೊಡ್ತಿದ್ದೆ. ಗುತ್ತಿಗೆ ಹಿಡಿದಿದ್ದವನು ಬಿಟ್ಟು ಹೋದಾಗ, ಪಾಚಿ ಕಟ್ಟಿದ ಈ ಗುಂಡಿಯನ್ನ ನನಗೇ ಕೊಡಿ ಅಂತ ಮಾಲೀಕರನ್ನ ಮಾತಲ್ಲೇ ಒಪ್ಪಿಸಿದೆ. ಹೀಟರು ಹಾಕಿಸಿದ್ದೂ ಮಾತಲ್ಲೇ. ಅಂಥವಳನ್ನ ಒಂದು ಯಂತ್ರ ಬಾಯಿ ಮುಚ್ಚಿಸ್ತಿದೆ.


ನವೆಂಬರ್ 7, ಶುಕ್ರವಾರ

ಗ್ಯಾಸ್ ಕಂಪನಿಯವನು ಬಂದಿದ್ದ. ಶುಭ್ರ ಅಂಗಿ, ಮಾತು ಕಡಿಮೆ, ಚೀಲದ ತುಂಬ ಮೀಟರು. ಗ್ಯಾಸಿನ ಒತ್ತಡ ಅಳೆದ. ಸರಿ ಇದೆ. ಜೋಡಣೆಗೆಲ್ಲ ಸೋಪಿನ ನೀರು ಸವರಿ ನೋಡಿದ. ಸೋರಿಕೆ ಇಲ್ಲ. ಬರ್ನರ್ ಬಿಚ್ಚಿ ಒಂದು ಜೇಡವನ್ನ ಸಂಸಾರ ಸಮೇತ ಹೊರಗೆ ಹಾಕಿದ. ಉರಿ ನೋಡಿದ. ನೀಲಿ.

"ಗ್ಯಾಸಿನ ತೊಂದರೆ ಆಗಿದ್ರೆ ಹತ್ತುವಾಗ ಧಡ್ ಅನ್ನುತ್ತೆ ಮೇಡಂ. ಇಲ್ಲಾ ಸಿಳ್ಳೆ ಹಾಕುತ್ತೆ. ಇದು ಎರಡೂ ಅಲ್ಲ. ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ."

ನಮ್ಮ ಕಡೆಯಿಂದ. ಎಲ್ಲರ ಕಡೆಯಿಂದಲೂ ಎಲ್ಲಾ ಸರಿ ಇದೆ. ಫ್ಯಾನಿನ ಕಡೆಯಿಂದ ಸರಿ, ಗ್ಯಾಸಿನ ಕಡೆಯಿಂದ ಸರಿ. ಸದ್ದು ಹಾಗಾದ್ರೆ ಯಾರ ಕಡೆಯದು? ಹೆಣ್ಣಿನ ಕಡೆಯದಾ, ಗಂಡಿನ ಕಡೆಯದಾ?

ಇನ್ನೊಂದು ಹೊಸ ಆಟ ಶುರುವಾಗಿದೆ. ಹೀಟರು ಆಗಾಗ ತಾನೇ ಆರಿಹೋಗುತ್ತೆ. ಸ್ವಲ್ಪ ಹೊತ್ತು ಮುನಿಸಿಕೊಂಡ ಹಾಗೆ ಸುಮ್ಮನಿದ್ದು ಮತ್ತೆ ಹತ್ತಿಕೊಳ್ಳುತ್ತೆ. ನೀರು ಮೊದಲಿನಷ್ಟು ಬೆಚ್ಚಗಾಗ್ತಿಲ್ಲ. ಮಂಡಿ ಬ್ಯಾಚಿನ ಟೈಲರಮ್ಮ ಇಳಿದವಳೇ "ಅಯ್ಯಯ್ಯೋ" ಅಂದಳು. ಅತ್ತೆ ಹತ್ತುವಾಗ ಮೆಟ್ಟಿಲ ಮೇಲೆ ಜಾಸ್ತಿ ಹೊತ್ತು ನಿಂತರು. ಆ ಕಾಲನ್ನ ಕೈಯಲ್ಲಿ ಎತ್ತಿ ಇಟ್ಟರು. ನಾನು ನೋಡ್ತಿದ್ದೀನಿ ಅಂತ ಗೊತ್ತಾದ ಕೂಡಲೆ, "ಏನೇ ನೋಡ್ತೀಯ, ಟವೆಲ್ ಕೊಡು" ಅಂದರು.


ನವೆಂಬರ್ 10, ಸೋಮವಾರ

ಕೌಂಟರಿನ ಹಿಂದಿನ ಕೋಣೆಯಲ್ಲಿ ಸದ್ದಿನ ಸಭೆ. ಮಾಲೀಕರು, ರೇಡಿಯೋ ಸಾರ್, ಗ್ಯಾರಂಟಿ, ನಮ್ಮವರು, ನಾನು. ಹೀಟರು ಆ ಹೊತ್ತಿಗೆ ಸರಿಯಾಗಿ ಮುನಿಸಿಕೊಂಡು ಆರಿತ್ತು. ಸಾಕ್ಷಿ ಹೇಳೋಕೆ ಕರೆದಾಗ ಊರು ಬಿಟ್ಟ ಹಾಗೆ.

ಮಾಲೀಕರು: "ಸರಿ, ಎಂಥ ಸದ್ದು ಅದು? ಒಬ್ಬೊಬ್ಬರಾಗಿ ಹೇಳಿ."

ನಾನು: "ಗರ್ರ್."

ರೇಡಿಯೋ ಸಾರ್ ಗಂಟಲು ಸರಿ ಮಾಡಿಕೊಂಡರು. "ಕ್ಷಮಿಸಿ. ಗರ್ರ್ ಎನ್ನುವುದು ಒರಟು. ನಾನು ಆಲಿಸಿರುವುದು ಗುಂ... ಗುಂ... ಗುಂ... ನಡುನಡುವೆ ಒಂದು ನಿಲುಗಡೆ ಇದೆ."

ಗ್ಯಾರಂಟಿ: "ಪಂಪು ಸಾರ್. ಗುಂ ಅಂದ್ರೆ ಪಂಪಿನ ಮೋಟರು. ಗ್ಯಾರಂಟಿ."

"ಹೋದ ತಿಂಗಳು ಫ್ಯಾನು ಅಂದ್ಯಲ್ಲೋ?"

"ನೀವು ಗರ್ರ್ ಅಂದ್ರಿ ಅಕ್ಕಾ!"

ಮಾಲೀಕರು ತಾವೂ ಒಂದು ಸಲ "ಗೊರ್" ಅಂದು ನೋಡಿದರು, ಯಾರಿಗೂ ಒಪ್ಪಿಗೆ ಆಗಲಿಲ್ಲ. ಬಾಗಿಲ ಹತ್ತಿರ ಟವೆಲ್ ವಾಪಸ್ ಕೊಡೋಕೆ ಬಂದ ಟೈಲರಮ್ಮ, ಐದು ಜನ ದೊಡ್ಡವರು ದುಂಡಗೆ ಕೂತು ಗುರುಗುಟ್ಟೋದನ್ನ ನೋಡಿ ಟವೆಲ್ ಅಲ್ಲೇ ಇಟ್ಟು ಹೋದಳು.

ಕೊನೆಗೆ ನಮ್ಮವರು ಬಾಯಿ ಬಿಟ್ಟರು. "ಮುಳ್ಳು ಮೇಲಿದೆ."

"ಯಾವ ಮುಳ್ಳು?"

"ಫಿಲ್ಟರಿನ ಒತ್ತಡ ತೋರಿಸೋ ಗೇಜಿನದು. ಮೊದಲು ಇಲ್ಲಿ ಇರ್ತಿತ್ತು." ಬೆರಳಲ್ಲಿ ತೋರಿಸಿದರು. "ಈಗ ಇಲ್ಲಿ."

"ಫಿಲ್ಟರು ಕಟ್ಟಿರುತ್ತೆ, ತೊಳೀರಿ" ಅಂದ ಗ್ಯಾರಂಟಿ.

"ತೊಳೆದೆ. ಆದ್ರೂ ಮೇಲಿದೆ."

"ಹಾಗಾದ್ರೆ ಗೇಜು ಸತ್ತಿದೆ. ಬಿಸಾಕಿ."

ನಮ್ಮವರು ಬಾಯಿ ಮುಚ್ಚಿಕೊಂಡರು. ನಾನೂ "ಗೇಜು ಹಳೇದು ಬಿಡಿ" ಅಂದೆ. ಅನ್ನಬಾರದಿತ್ತು. ತಿಂಗಳಿಗೆ ಒಂದು ಸಲ ಬಾಯಿ ಬಿಡೋ ಮನುಷ್ಯ.


ನವೆಂಬರ್ 15, ಶನಿವಾರ

ರೇಡಿಯೋ ಸಾರ್ ಮನೆಗೆ ಹೋಗಿ ಬಂದೆ. ಒಂದೆರಡು ವಾರ ಹೆಚ್ಚಿಗೆ ಕೇಳಿ, ಮಾತಲ್ಲೇ ಮೆತ್ತಗೆ ಮಾಡಿಬಿಡೋಣ ಅಂತ. ಮೆಟ್ಟಿಲು ಹತ್ತುವಾಗಲೇ ಮಾತು ಜೋಡಿಸಿಕೊಂಡಿದ್ದೆ — ವಯಸ್ಸಾದ ಅತ್ತೆ, ಪಾಪದ ಹೆಂಗಸರು, ದೊಡ್ಡ ಮನಸ್ಸು, ಹೀಗೆ.

ಒಳಕೋಣೆಯ ಕಿಟಕಿಗೆ ಹಳೇ ಕಂಬಳಿ ಹೊಡೆದಿದ್ದಾರೆ. ಮೇಜಿನ ಮೇಲೆ ಮೈಕು, ತೆರೆದ ಪಾಠದ ಪುಸ್ತಕ. ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ರೆಕಾರ್ಡ್ ಮಾಡಿ ಕಳಿಸ್ತಾರಂತೆ. ಇಷ್ಟು ದಿನ ಇದೇ ಕಟ್ಟಡದಲ್ಲಿದ್ದೀನಿ, ಗೊತ್ತೇ ಇರಲಿಲ್ಲ. ಅವರು ಹೇಳಿರಲಿಲ್ಲ. ನಾನು ಕೇಳೋಕೆ ಜಾಗ ಬಿಟ್ಟಿರಲಿಲ್ಲ.

ಒಂದು ರೆಕಾರ್ಡ್ ಹಾಕಿ ಕೇಳಿಸಿದರು. "ಎಲೆಗಳು ಸೂರ್ಯನ ಬೆಳಕಿನಿಂದ..." ಗುಂ. "ಆಹಾರವನ್ನು..." ಗುಂ ಗುಂ.

"ಮಕ್ಕಳು ಕೇಳಿದರಂತೆ, ಎಲೆಗಳು ಹೀಗೆ ಗುರುಗುಟ್ಟುತ್ತವೆಯೇ ಅಂತ" ಅಂದರು. ಸಿಟ್ಟಿರಲಿಲ್ಲ.

ಜೋಡಿಸಿಕೊಂಡು ಹೋದ ಮಾತನ್ನ ಹಾಗೇ ಮಡಚಿಕೊಂಡೆ. ವಾಪಸ್ ಬಂದೆ. ದೂರು ಕೊಟ್ಟವರು ದುಷ್ಟರಾಗಿದ್ರೆ ಎಷ್ಟು ಸಲೀಸಾಗಿ ಇರ್ತಿತ್ತು.


ನವೆಂಬರ್ 18, ಮಂಗಳವಾರ

ಕೂತಲ್ಲಿ ಕೂರೋಕೆ ಆಗ್ತಿಲ್ಲ. ಹೀಟರು ಹತ್ತಿದ್ರೆ ಯಾಕೆ ಹತ್ತಿತು ಅಂತ, ಆರಿದ್ರೆ ಯಾಕೆ ಆರಿತು ಅಂತ. ಗಿರಾಕಿ ಚಿಲ್ಲರೆ ಕೇಳಿದ, ಟವೆಲ್ ಕೊಟ್ಟೆ.

ಮನೆಯಲ್ಲಿ ಕುಡಿಯೋ ನೀರಿನ ಬಾಟಲಿ ತೆರೆಯೋಕೆ ಹೋದೆ, ಆಗಲಿಲ್ಲ. ಅತ್ತೆ ಮುಚ್ಚಿದ್ದು. ಬಾಟಲಿ ಕಾರ್ಖಾನೆಯಲ್ಲಿ ಮುಚ್ಚಳ ತಿರುಗಿಸಿ ತಿರುಗಿಸಿ ಸಂಸಾರ ಸಾಕಿದ ಕೈ. ಕಾಲು ಹೋಯ್ತು, ಕಿವಿ ಮಂದ ಆಯ್ತು, ಆ ಹಿಡಿತ ಮಾತ್ರ ಎಲ್ಲೂ ಹೋಗಿಲ್ಲ. ಅವರು ಮುಚ್ಚಿದ್ದನ್ನ ಅವರೇ ತೆರೀಬೇಕು. ಬಾಟಲಿ ಹಿಡಿದು ಹೋದೆ.

"ಇಷ್ಟು ಬಿಗಿ ಯಾಕೆ ಅತ್ತೆ, ಒಳಗೆ ನೀರೇ ಇರೋದು, ಚಿನ್ನ ಅಲ್ಲ."

"ಮುಚ್ಚೋದು ಅಂದ್ರೆ ಮುಚ್ಚೋದು ಕಣೇ. ನಿನ್ನ ಬಾಯಿ ಹಾಗೆ ಅರ್ಧಂಬರ್ಧ ಅಲ್ಲ."

ಒಂದು ತಿರುವಿಗೆ ತೆರೆದುಕೊಟ್ಟರು.


ನವೆಂಬರ್ 20, ಗುರುವಾರ. ಬೆಳಿಗ್ಗೆ

ಸಿಕ್ಕಿದ್ದನ್ನ ಸಿಕ್ಕ ಹಾಗೆ ಬರೀತೀನಿ.

ಮಂಡಿ ಬ್ಯಾಚು ಮುಗೀತು. ಕೊನೆಗೆ ಅತ್ತೆ ಯಾವಾಗಲೂ ಕಂಬಿಗೆ ಕಾಲು ಸಿಕ್ಕಿಸಿ ಅಂಗಾತ ತೇಲ್ತಾರೆ. ಕಿವಿ ಮಿಷನ್ ತೆಗೆದು ನನ್ನ ಕೈಗೆ ಕೊಟ್ಟಿರ್ತಾರೆ. ಆಮೇಲೆ ನೀವು ಏನು ಕೂಗಿದರೂ ಗೋಡೆಗೆ ಕೂಗಿದ ಹಾಗೆ. ಎರಡೂ ಕಿವಿ ನೀರೊಳಗೆ, ಮುಖ ಮಾತ್ರ ಮೇಲೆ, ಕಣ್ಣು ಮುಚ್ಚಿ. ಇವತ್ತು ಎದ್ದವರೇ ಕೇಳಿದರು —

"ಯಾರೇ ಅದು ಒಳಗೆ ನೀರು ಕಾಯಿಸ್ತಿರೋದು?"

"ಏನು?" ಕೈ ಸನ್ನೆ ಮಾಡಿದೆ.

"ಕೊತಕೊತ ಕುದೀತಾ ಇದೆ. ನೀರಲ್ಲಿ ತಲೆ ಇಟ್ರೆ ದಿನಾ ಕೇಳುತ್ತೆ. ಒಲೆ ಮೇಲೆ ಹಂಡೆ ಇಟ್ಟು ಮರೆತ ಹಾಗೆ. ಇಳಿಸ್ರೇ ಯಾರಾದ್ರೂ!"

ನೆಲದ ಮೇಲೆ ಪಟಾಕಿ ಹೊಡೆದರೂ ತಿರುಗಿ ನೋಡದ ಅತ್ತೆಗೆ ನೀರೊಳಗೆ ಕೇಳುತ್ತೆ. ಯಾಕೋ ಏನೋ, ತಲೆಬುರುಡೆಯಿಂದಲೇ ಕೇಳುತ್ತೇನೋ. ನಮಗೆ ಗೋಡೆಯಾಚೆಯ ಗುರುಗುರು. ಅವರಿಗೆ ಪೈಪಿನೊಳಗಿನ ಮಾತು.

ಗ್ಯಾರಂಟಿಗೆ ಫೋನ್ ಮಾಡಿದೆ. ಈ ಸಲ ನನ್ನ ಕಡೆಯಿಂದ ಒಂದಕ್ಷರ ಸೇರಿಸಲಿಲ್ಲ. "ಕೊತಕೊತ ಅಂತಿದೆಯಂತೆ" ಅಂದೆ, ಅಷ್ಟೇ.

ಗ್ಯಾರಂಟಿ ಅನ್ನೋ ಬಾಲ ಈ ಸಲ ಬರಲಿಲ್ಲ.

"ಯಾರಂದಿದ್ದು?"

"ಅತ್ತೆ."

"ಅಕ್ಕಾ, ಮೊದಲು ಹೀಟರ್ ಆಫ್ ಮಾಡಿ. ಈಗ್ಲೇ. ಕುದೀತಾ ಇದ್ರೆ ಒಳಗೆ ನೀರು ಓಡ್ತಿಲ್ಲ ಅಂತ. ನಿಂತ ನೀರು ಕಾದು ಕುದಿಯುತ್ತೆ, ಗುಳ್ಳೆ ಒಡೆದಂಗೆಲ್ಲ ಗುಂಗುಂ ಅನ್ನುತ್ತೆ. ಬಿಸಿ ಮಿತಿ ಮೀರಿದ್ರೆ ತಾನೇ ಆರುತ್ತೆ. ಹೀಗೇ ಬಿಟ್ರೆ ಒಳಗಿನ ತಾಮ್ರದ ಕೊಳವೆ ಸೀಳುತ್ತೆ, ಅಲ್ಲಿಗೆ ಹೀಟರ್ ಗುಜರಿಗೆ."

"ಯಾಕೆ ಓಡ್ತಿಲ್ಲ?"

"ಹೊರಗೆ ಹೋಗೋ ದಾರಿ ಎಲ್ಲೋ ಕಟ್ಟಿದೆ. ಫಿಲ್ಟರ್ ತೊಳೆದ ಮೇಲೂ ಗೇಜು ಮುಳ್ಳು ಮೇಲಿದ್ರೆ ಅದೇ... ಅಯ್ಯೋ, ಅಣ್ಣ ಹೇಳಿದ್ರಲ್ಲ ಅಕ್ಕಾ ಅವತ್ತೇ!"

"ಗೇಜು ಸತ್ತಿದೆ ಅಂದವನು ಯಾರಪ್ಪಾ?"

"ಗರ್ರ್ ಅಂದೋರು ಯಾರಕ್ಕಾ?"

ಒಂದಕ್ಕೊಂದು ಸರಿಹೋಯ್ತು. ನಾನು ಹೇಳಿದ ಸದ್ದಿಗೆ ಅವನು ರಿಪೇರಿ ಮಾಡಿದ. ಹೀಟರು ಮಾಡ್ತಿದ್ದ ಸದ್ದನ್ನ ಕೇಳಿದವರು ಒಬ್ಬರೇ, ಅವರಿಗೆ ಕಿವಿ ಕೇಳಲ್ಲ.

ಹೀಟರು ಆಫ್. ಗ್ಯಾರಂಟಿ ಶನಿವಾರ ಬರ್ತಾನೆ. ಅಷ್ಟರೊಳಗೆ ನೀರು ವಾಪಸ್ ಬರೋ ತೂತುಗಳನ್ನ ನೋಡಿಡಿ ಅಂದಿದ್ದಾನೆ. ಬಿಸಿಯಾದ ನೀರು ಪೂಲಿಗೆ ಬೀಳೋದು ಅಲ್ಲಿಂದಲೇ. ಕಂಬಿ ಇರೋ ಗೋಡೆಯಲ್ಲಿ ನಾಲ್ಕು ಇವೆ.


ನವೆಂಬರ್ 21, ಶುಕ್ರವಾರ

ನಾನು ನೀರಿಗಿಳಿದೆ.

ಇದನ್ನ ಕೆಂಪು ಶಾಯಿಯಲ್ಲಿ ಬರೀಬೇಕು. ಪೂಲು ಹಿಡಿದು ಇಷ್ಟು ವರ್ಷ, ಪಾದದ ಮೇಲೆ ನೀರು ಸೋಕಿಸಿಕೊಂಡವಳಲ್ಲ. ಈಜು ಬರಲ್ಲ. ಯಾರಿಗೂ ಗೊತ್ತಿಲ್ಲ, ಕೇಳಿದವರಿಗೆಲ್ಲ "ನೆಗಡಿ" ಅಂತೀನಿ.

ನಮ್ಮವರು ವಾಲ್ವು ತರೋಕೆ ಅಂಗಡಿಗೆ ಹೋಗಿದ್ದರು. ಹೀಟರು ಇಲ್ಲ, ಪಂಪು ಮಾತ್ರ ಓಡ್ತಿತ್ತು. ಮಂಡಿ ಬ್ಯಾಚಿಗೆ ರಜೆ ಅಂತ ಹೇಳಿದ್ದೆ. ಆದರೂ ಅತ್ತೆ ಬಂದರು. "ಉಳಿದ ಬಿಸಿ ಇರುತ್ತೆ, ಅಷ್ಟರಲ್ಲಿ ನಡೀತೀನಿ." ಇಳಿದು ಕಂಬಿ ಹಿಡಿದು ನಿಂತರು. ಈ ಸಲ ಕಿವಿ ಮಿಷನ್ ತೆಗೆದಿರಲಿಲ್ಲ. ನಡೆಯೋಕಷ್ಟೇ ಬಂದಿಲ್ಲ ಅಂತ ಆಗಲೇ ನನಗೆ ಅರ್ಥ ಆಗಬೇಕಿತ್ತು.

ನಾನು ಮೆಟ್ಟಿಲಲ್ಲಿ ಒಂದೊಂದಾಗಿ ಇಳಿದೆ, ಉಟ್ಟ ಬಟ್ಟೆಯಲ್ಲೇ. "ಈಜುಡುಗೆ ಇಲ್ಲದೆ ಇಳಿಯಬಾರದು" ಅಂತ ಬೋರ್ಡು ಬರೆಸಿದ್ದು ನಾನೇ. ಅದರ ಕೆಳಗೇ ಇಳಿದೆ. ನೀರು ಎದೆಗೆ ಬಂತು. ಕಂಬಿ ಹಿಡಿದೆ. ಗೋಡೆ ಸವರುತ್ತಾ ಹೋದೆ.

ಮೊದಲನೇ ತೂತು. ನೀರು ನುಗ್ಗಬೇಕು ಅಲ್ಲಿಂದ. ಏನೂ ಇಲ್ಲ. ಎರಡನೇದು, ಏನೂ ಇಲ್ಲ. ಮೂರನೇದಕ್ಕೆ ಅತ್ತೆ ಅಡ್ಡ ನಿಂತಿದ್ದರು. ಅವರನ್ನ ದಾಟಿ ಮೂಲೆಯ ನಾಲ್ಕನೇದಕ್ಕೆ ಕೈ ಚಾಚಿದೆ. ತೋಟಕ್ಕೆ ಹಾಕೋ ಪೈಪಿನ ಹಾಗೆ ನುಗ್ತಿದೆ. ನಾಲ್ಕು ಬಾಗಿಲ ನೀರೆಲ್ಲ ಒಂದೇ ಬಾಗಿಲಿಂದ.

ವಾಪಸ್ ಎರಡನೇದಕ್ಕೆ ಬಂದು ಬೆರಳು ಹಾಕಿದೆ. ರಬ್ಬರು. ರಬ್ಬರಿನ ನಡುವೆ ಎರಡು ಕಿವಿ ಇರೋ ನಟ್ಟು. ಗುರುತು ಸಿಕ್ಕಿತು. ಪೂಲಿಗೆ ಬಣ್ಣ ಹೊಡೆಸುವಾಗ ತೂತು ಮುಚ್ಚೋ ಬಿರಡೆ. ನಟ್ಟು ತಿರುಗಿಸಿದಷ್ಟೂ ರಬ್ಬರು ಉಬ್ಬಿ ಗೋಡೆ ಕಚ್ಚಿ ಕೂರುತ್ತೆ. ಸ್ಟೋರಿನ ಡಬ್ಬದಲ್ಲಿ ಇರ್ತವೆ. ತಿರುಗಿಸಿ ನೋಡಿದೆ. ಜಪ್ಪಯ್ಯ ಅನ್ನಲಿಲ್ಲ. ಎರಡೂ ಕೈ ಹಾಕಿದೆ. ಊಹೂಂ.

ಆ ಬಿಗಿ ನನಗೆ ಗೊತ್ತು. ನಮ್ಮನೆ ಬಾಟಲಿಯ ಬಿಗಿ.

ತಿರುಗಿ ನೋಡಿದೆ. ಅತ್ತೆ ನನ್ನನ್ನೇ ನೋಡ್ತಿದ್ದರು.

"ಅದನ್ನ ಬಿಡು" ಅಂದರು.

"ಅತ್ತೆ..."

"ಬಿಡು ಅಂದೆ."

"ಯಾಕೆ ಹೀಗೆ ಮಾಡಿದ್ರಿ?"

ಕಂಬಿಯನ್ನ ಇನ್ನೂ ಬಿಗಿಯಾಗಿ ಹಿಡಿದರು. ಆಮೇಲೆ, "ತಳ್ಳುತ್ತೆ ಕಣೇ ಆ ನೀರು. ಮೊದಲು ಅದರ ಮುಂದೆ ನಡೀತಿದ್ದೆ. ಆಮೇಲಾಮೇಲೆ... ತೂತಿನ ಮುಂದೆ ಬಂದಾಗೆಲ್ಲ ಕಾಲು ಕಿತ್ತುಕೊಂಡು ಹೋಗುತ್ತೆ. ಎರಡು ಸಲ ಮುಳುಗಿದೆ. ಟೈಲರಮ್ಮ ಹಿಡಕೊಂಡಳು."

"ಟೈಲರಮ್ಮಂಗೆ ಗೊತ್ತಾ?"

"ಬ್ಯಾಚಿಗೆಲ್ಲ ಗೊತ್ತು. ಡಬ್ಬ ತಂದುಕೊಟ್ಟಿದ್ದೇ ಅವರು. ನೀರು ಸುಮ್ಮನಿದ್ರೆ ಎಲ್ಲರಿಗೂ ಹಿತ. ನೀರು ಬೇಕಾದ ಕಡೆ ತಿರುಗಿಸೋಕೆ ತೂತಿಗೆ ಹಾಕಿದ್ದ ಬಿಳಿ ಗುಂಡು ಮೂರೂ ನನ್ನ ಟವೆಲ್ ಚೀಲದಲ್ಲಿದೆ, ಕಳೆದಿಲ್ಲ. ಆ ಮೂಲೇದು ಬಣ್ಣ ಅಂಟಿ ಬಿಚ್ಚೋಕೆ ಬರ್ಲಿಲ್ಲ. ನಾನು ಅತ್ತ ಹೋಗಲ್ಲ."

"ನಂಗೊಂದು ಮಾತು ಹೇಳಬಾರದಿತ್ತಾ?"

"ನಿನಗಾ?" ನಕ್ಕುಬಿಟ್ಟರು. "ನಿನಗೆ ಹೇಳೋದೂ ಒಂದೇ, ಮೈಕಿಗೆ ಹೇಳೋದೂ ಒಂದೇ. ಬೆಳಿಗ್ಗೆ ನಿನಗೆ ಹೇಳಿದ್ರೆ ಮಧ್ಯಾಹ್ನ ಡಾಕ್ಟರಿಗೆ ಗೊತ್ತಾಗುತ್ತೆ. ಸಂಜೆಗೆ ವಾಕರು ಮನೆಗೆ ಬಂದಿರುತ್ತೆ. ಮಾರನೇ ದಿನ ಟೋಕನ್ ತಗೊಳ್ಳೋರೆಲ್ಲ ಕೇಳ್ತಾರೆ, ನಿಮ್ಮತ್ತೆಗೆ ಕಾಲು ಪೂರ್ತಿ ಹೋಯ್ತಂತಲ್ಲ ಅಂತ."

ಉತ್ತರ ಕೊಡಬೇಕು ಅಂತ ಬಾಯಿ ತೆರೆದೆ. ಎಂಥಾ ಮಾಲೀಕನಿಗೂ ಉತ್ತರ ಕೊಟ್ಟವಳು. ನೀರು ಗಲ್ಲದ ಹತ್ತಿರ ಅಲ್ಲಾಡ್ತಿತ್ತು. ಬಾಯಿ ಮುಚ್ಚಿದೆ.

ಆಮೇಲೆ ಹೇಳಿದ್ದು ಇಷ್ಟೇ — "ಇದು ಹೀಗೇ ಇದ್ರೆ ಹೀಟರು ಸೀಳುತ್ತೆ ಅತ್ತೆ. ಕುದೀತಾ ಇದೆ ಅಂದ್ರಲ್ಲ, ಇದಕ್ಕೇ. ಹೀಟರು ಹೋದ್ರೆ ತಣ್ಣೀರು."

ಅವರ ಮುಖ ನೋಡಿದೆ. ಆ ಎರಡನ್ನೂ ಇವತ್ತಿನವರೆಗೆ ಸೇರಿಸಿ ನೋಡಿರಲಿಲ್ಲ ಅವರು. ಕಾಲು ಉಳಿಸಿಕೊಳ್ಳೋಕೆ ಮುಚ್ಚಿದ ಬಿರಡೆ, ಕಾಲು ಉಳಿಸೋ ನೀರನ್ನೇ ಕುದಿಸಿ ಹಾಳು ಮಾಡ್ತಿತ್ತು.

"ನನ್ನ ಕೈಲಿ ಬಿಚ್ಚೋಕಾಗಲ್ಲ. ನೀವೇ ಬಿಚ್ಚಬೇಕು."

"ಬಿಚ್ಚಿದ್ರೆ ತಳ್ಳುತ್ತೆ."

"ನಾನು ಹಿಡ್ಕೊಂಡಿರ್ತೀನಿ."

"ನಿನಗೇ ಈಜು ಬರಲ್ಲ."

ಗೊತ್ತಿತ್ತು ಅವರಿಗೆ! ಎಷ್ಟು ಕಾಲದಿಂದ ಗೊತ್ತಿತ್ತೋ. ಯಾರಿಗೂ ಹೇಳಿಲ್ಲ. ಮುಚ್ಚೋದು ಅಂದ್ರೆ ಮುಚ್ಚೋದು.

ಕೊನೆಗೆ ಒಂದು ಕೈ ಕಂಬಿಯಿಂದ ಬಿಡಿಸಿ ನನ್ನ ಭುಜ ಹಿಡಿದರು. ಇನ್ನೊಂದು ಕೈ ನೀರೊಳಗೆ ಹೋಯ್ತು. ಒಂದು ತಿರುವು, ಎರಡು. ಬಿರಡೆ ಪಟ್ಟನೆ ಹಾರಿತು. ನೀರು ನುಗ್ಗಿ ಹೊಟ್ಟೆಗೆ ಬಡೀತು. ಅವರ ಉಗುರು ನನ್ನ ಭುಜಕ್ಕೆ ಇಳೀತು. ಇಬ್ಬರೂ ಓಲಾಡಿದೆವು. ಬೀಳಲಿಲ್ಲ. ಹೇಗೆ ಬೀಳಲಿಲ್ಲ ಅನ್ನೋದು ನನಗೂ ಗೊತ್ತಿಲ್ಲ.

ಇನ್ನೆರಡನ್ನೂ ಹಾಗೇ ತೆಗೆದೆವು.


ನವೆಂಬರ್ 22, ಶನಿವಾರ

ಗ್ಯಾರಂಟಿ ಬಂದ. ಹೀಟರಿನ ಹೊಟ್ಟೆ ಬಿಚ್ಚಿದ. ಕುದ್ದು ಕುದ್ದು ಕೊಳವೆಯೊಳಗೆ ಸುಣ್ಣ ಪದರ ಕಟ್ಟಿತ್ತು. ಔಷಧಿ ನೀರು ಹಾಯಿಸಿ ತೊಳೆದ. ಬಿಳಿ ಹೆಕ್ಕಳಿಕೆ ಬಕೆಟ್ಟಿನ ತಳ ತುಂಬ. ತಾಮ್ರ ಸೀಳಿಲ್ಲ. ಇನ್ನೊಂದು ವಾರ ಆಗಿದ್ರೆ ಸೀಳ್ತಿತ್ತು ಅಂದ, ಗ್ಯಾರಂಟಿ.

"ತೂತು ಯಾಕೆ ಕಟ್ಟಿತ್ತು ಅಕ್ಕಾ?"

ನಾಲಿಗೆ ತುದಿಗೆ ಬಂತು. ಎಂಥಾ ಕಥೆ! ಬಾಟಲಿ ಕಾರ್ಖಾನೆ, ಮಂಡಿ ಬ್ಯಾಚಿನ ಸಂಚು, ಟವೆಲ್ ಚೀಲದ ಗುಂಡು. ಕೌಂಟರಿನಲ್ಲಿ ಕೂತು ಒಂದು ವರ್ಷ ಹೇಳಬಹುದಾದ ಕಥೆ. ಹಲ್ಲಿನಿಂದ ಹಿಡಿದುಕೊಂಡೆ.

"ಬಣ್ಣ ಹೊಡೆದವರು ಬಿರಡೆ ತೆಗೆಯೋಕೆ ಮರೆತಿದ್ರು" ಅಂದೆ.

ಬಣ್ಣ ಹೊಡೆಸಿ ಎರಡು ವರ್ಷ ಆಯ್ತು. ಅವನಿಗದು ಹೊಳೀಲಿಲ್ಲ. ನಮ್ಮವರಿಗೆ ಹೊಳೀತು, ಬಿಳಿ ಗುಂಡುಗಳನ್ನ ಒರೆಸುತ್ತಾ ಒಂದು ಸಲ ನನ್ನ ಕಡೆ ನೋಡಿದರು. ಗುಂಡುಗಳನ್ನ ತೂತಿಗೆ ಹಾಕಿ, ನೀರು ಕೆಳಮುಖವಾಗಿ ಹೋಗೋ ಹಾಗೆ ಮೂರನ್ನೂ ತಿರುಗಿಸಿದರು. ತಳ್ಳೋದು ಅರ್ಧ ಆಯ್ತು. ಮೂಲೇದು ತಿರುಗಲಿಲ್ಲ.

ಅವರಿಗೆ ಒಂದು ಮಾತು ಹೇಳಬೇಕಿತ್ತು. ಹೇಳಿದೆ: "ಗೇಜು ಬದುಕಿದೆ."

"ಹೂಂ" ಅಂದರು. ಮುಳ್ಳು ಕೆಳಗಿಳಿದಿದೆ. ಅವರ ಮುಖದ ಬಿಗಿಯೂ.

ಹೀಟರು ಹತ್ತಿಸಿದೆವು. ಮೇಲಿನಿಂದ ಟಕ್ ಟಕ್ ಬರುತ್ತೆ ಅಂತ ಕಾದೆ. ಬರಲಿಲ್ಲ. ಬದಲಿಗೆ ರೇಡಿಯೋ ಸಾರ್ ತಾವೇ ಇಳಿದು ಬಂದರು, ಕೈಯಲ್ಲಿ ಕೋಲು. "ಏನಾದರೂ ಅನಾಹುತ ಆಯಿತೇ? ಸದ್ದೇ ಇಲ್ಲವಲ್ಲ?"


ನವೆಂಬರ್ 26, ಬುಧವಾರ

ಈಗ ದಿನಾ ಬೆಳಿಗ್ಗೆ ಬ್ಯಾಚಿನ ಜೊತೆ ನಾನೂ ಇಳೀತೀನಿ. ಈಜುಡುಗೆಯಲ್ಲಿ. ಟೈಲರಮ್ಮನೇ ಹೊಲಿದುಕೊಟ್ಟಳು, ಅಳತೆ ತಗೊಳ್ಳುವಾಗ ಟೇಪು ಸಾಲದು ಅಂತ ನಕ್ಕಳು. ಬಿರಡೆ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ತೂತಿನ ಕಡೆ ನಾನು, ಆಚೆ ಕಡೆ ಅತ್ತೆ. ನೀರು ಮೊದಲು ನನ್ನನ್ನ ತಳ್ಳುತ್ತೆ, ಉಳಿದದ್ದು ಅವರಿಗೆ. ಒಂದನೇದು ದಾಟಿದೆವು. ಎರಡನೇದರ ಮುಂದೆ ಅವರ ಕಾಲು ಹೋಯ್ತು, ತಲೆ ನೀರೊಳಗೆ ಹೋಗಿ ಬಂತು. ಕೆಮ್ಮಿದರು. ನಾನು ಗಾಬರಿಯಾಗಿ ಬಾಯಿ ತೆರೆದೆ —

"ಡಾಕ್ಟರು ಅಂದ್ಯೋ, ಮುಳುಗಿಸ್ತೀನಿ ನಿನ್ನ."

ಅನ್ನಲಿಲ್ಲ. ಆದರೆ ನನ್ನದೂ ಒಂದು ಮಾತು ಇಟ್ಟೆ. ನಿಮ್ಮ ಮಾತು ನಾನು ಹೊರಗೆ ಬಿಡಲ್ಲ, ಡಾಕ್ಟರಿಗೆ ಮಾತ್ರ ಹೇಳಬೇಕು. ನಾನು ಹೇಳಲ್ಲ, ನೀವೇ ಹೇಳಬೇಕು. ಮುಖ ಊದಿಸಿಕೊಂಡರು. ಸೋಮವಾರಕ್ಕೆ ಸಮಯ ತಗೊಂಡಿದ್ದಾರೆ, ಫೋನು ಅವರೇ ಮಾಡಿ. ಮೂಲೆಯ ನಾಲ್ಕನೇ ತೂತಿನ ಮುಂದೆ ನಿಂತು ತೋರಿಸಿದ ಮೇಲೆ ಹೋಗ್ತಾರಂತೆ. ವಾಕರು ಅಂದ್ರೆ ಆಗ ಎದುರು ಮಾತಾಡೋಕೆ ಬಾಯಿ ಇರುತ್ತಂತೆ.


ನವೆಂಬರ್ 29, ಶನಿವಾರ. ಬೆಳಿಗ್ಗೆ, ಕೌಂಟರಿನಲ್ಲಿ

ಬ್ಯಾಚು ಶುರುವಾಗೋಕೆ ಇನ್ನೂ ಹೊತ್ತಿದೆ. ಮಾಲೀಕರು ಫೋನ್ ಮಾಡಿದ್ದರು. ಹೀಟರು ಇರಲಿ ಅಂದರು. ಲೆಕ್ಕ ಮುಚ್ಚಿಬಿಡೋಣ.

ಮಾಲೀಕರು: ಸುಮ್ಮನಿರೋ ಹೀಟರು, ಸುಮ್ಮನಿರೋ ಬಾಡಿಗೆದಾರರು.

ರೇಡಿಯೋ ಸಾರ್: ಗುರುಗುಟ್ಟದ ಎಲೆಗಳು. ಪಾಠ ಮತ್ತೆ ಮೊದಲಿಂದ ಓದ್ತಿದ್ದಾರೆ.

ಗ್ಯಾರಂಟಿ: ಎಲ್ಲರೂ ಕೈಬಿಟ್ಟ ಹೀಟರು ಸರಿ ಮಾಡಿದೆ ಅನ್ನೋ ಹೆಸರು. ಇಟ್ಟುಕೊಳ್ಳಲಿ. ಚೆನ್ನಾಗಿರೋ ಹಳೇ ಫ್ಯಾನೂ ಅವನ ಹತ್ತಿರವೇ ಇದೆ.

ಗ್ಯಾಸಿನವನು: ಏನಿಲ್ಲ. ಅವನ ಕಡೆಯಿಂದ ಮೊದಲೇ ಎಲ್ಲಾ ಸರಿ ಇತ್ತು. ಜೇಡಕ್ಕೆ ಮಾತ್ರ ನಷ್ಟ.

ನಮ್ಮವರು: ಹೊಸ ಗೇಜು ಬೇಡ ಅಂದರು. ಹಳೇದಕ್ಕೇ ಗಾಜು ಒರೆಸಿ ಇಟ್ಟಿದ್ದಾರೆ. ನಿನ್ನೆ ಊಟಕ್ಕೆ ಕೂತಾಗ ತಾವಾಗೇ ಐದಾರು ಮಾತಾಡಿದರು.

ಮಂಡಿ ಬ್ಯಾಚು: ಬೆಚ್ಚನೆ ನೀರು. ಜೊತೆಗೆ ಗುಟ್ಟು ಹೇಳಬಹುದಾದವರ ಪಟ್ಟಿಯಲ್ಲಿ ಇನ್ನೊಬ್ಬಳು, ಪರೀಕ್ಷೆಯ ಮೇಲೆ.

ನಾನು: ಈಜು ಇನ್ನೂ ಬಂದಿಲ್ಲ. ಎದೆಮಟ್ಟ ನೀರಲ್ಲಿ ಬಾಯಿ ಮುಚ್ಚಿ ನಿಲ್ಲೋದು ಬಂದಿದೆ.

ಅತ್ತೆ: ಮೂರು ತೂತು ದಾಟಿದ್ದಾರೆ. ನಾಲ್ಕನೇದು ಇವತ್ತು ನನ್ನ ಜೊತೆ ಅಂತ ಒಪ್ಪಂದ. ನಾನು ಬರೋವರೆಗೆ ಮೆಟ್ಟಿಲ ಹತ್ತಿರವೇ ಇರಿ ಅಂದಿದ್ದೆ, ಹೂಂ ಅಂದಿದ್ದರು. ಕಿವಿ ಮಿಷನ್ ಇಲ್ಲೇ ಕೌಂಟರಿನ ಮೇಲಿದೆ. ಅಂದ್ರೆ ಕೇಳಿಸಿರಲಿಲ್ಲ. ಇಲ್ಲಾ ಕೇಳಿಸಿತ್ತು. ಕಿಟಕಿಯಿಂದ ನೋಡಿದರೆ ಆಗಲೇ ಮೂಲೆಯಲ್ಲಿ ನಿಂತಿದ್ದಾರೆ, ಒಬ್ಬರೇ, ನೀರು ನುಗ್ಗೋ ಕಡೆಗೆ ಮುಖ ಮಾಡಿ, ಕಂಬಿ ಬಿಟ್ಟು. ಪೆನ್ನು ಇಟ್ಟೆ, ನಾನೂ ಇಳೀಬೇಕು.